ಆನೆಗೆ ಮೂಗೇ ದಾರಿದೀಪ

ಮೇ ತಿಂಗಳು. ರಾತ್ರಿಯ ಊಟ ಮುಗಿದಿದೆ. ಮನೆಯ ಹಿಂದೆ ಹಲಸಿನ ಮರ. ಮರದಲ್ಲಿ ಒಂದು ಹಣ್ಣು ಒಡೆದಿದೆ. ಅದರ ವಾಸನೆ ಜಗಲಿಯ ತನಕ ಬರುತ್ತಿದೆ.

"ನಾಳೆ ಬೆಳಿಗ್ಗೆ ಕೊಯ್ದರೆ ಸಾಕಲ್ವಾ ಅಜ್ಜಿ?" ಎಂದು ಮೊಮ್ಮಗ ಕೇಳುತ್ತಾನೆ.

"ನಿನ್ನ ಮೂಗಿಗೆ ಬಂದದ್ದು ಆನೆಯ ಮೂಗಿಗೆ ಬಂದಿರ್ಲಿಕ್ಕಿಲ್ವಾ ಮಗಾ? ಅದು ನಾಳೆ ಅಂತ ಕೂತುಕೊಳ್ಳೂದಿಲ್ಲ" ಎನ್ನುತ್ತಾರೆ ಅಜ್ಜಿ.

ಇಂಥ ಮಾತು ದೇಲಂಪಾಡಿಯ ಎಷ್ಟೋ ಮನೆಗಳಲ್ಲಿ ನಡೆಯುವಂಥದ್ದು. ನಮ್ಮ ಪಂಚಾಯತಿಗೆ ಕರ್ನಾಟಕದ ಗಡಿ ತಾಗಿಕೊಂಡಿದೆ. ಗಡಿಯಲ್ಲಿ ಕಾಡು ಉಂಟು. ಆ ಕಾಡಿನಿಂದ ಆನೆಗಳು ನಮ್ಮ ತೋಟಗಳಿಗೆ ಇಳಿಯುತ್ತವೆ. ಕಾರಡ್ಕ, ಮುಳಿಯಾರಿನ ತನಕವೂ ಹೋಗುತ್ತವೆ. ಪಯಸ್ವಿನಿ ಹೊಳೆ ಅವಕ್ಕೆ ದೊಡ್ಡ ಅಡ್ಡಿಯಲ್ಲ. ಗಡಿಕಲ್ಲು ಓದಲಿಕ್ಕೂ ಅವಕ್ಕೆ ಬರುವುದಿಲ್ಲ. ಒಂದೇ ರಾತ್ರಿಯಲ್ಲಿ ವರ್ಷದ ಬಾಳೆ, ಹತ್ತು ವರ್ಷ ಸಾಕಿದ ಅಡಿಕೆ ಮರ ನೆಲಕ್ಕೆ ಬೀಳುತ್ತದೆ. ಕತ್ತಲಲ್ಲಿ ಎದುರಿಗೆ ಸಿಕ್ಕಿದರೆ ಮನುಷ್ಯನ ಜೀವಕ್ಕೇ ಅಪಾಯ.

ಗಡಿಯಲ್ಲಿ ಸೌರಶಕ್ತಿಯ ತೂಗುಬೇಲಿ ಹಾಕಿದ್ದಾರೆ. ಬೇಲಿ ಬೇಕು. ಆದರೆ ಹಣ್ಣಿನ ವಾಸನೆಯನ್ನು ಬೇಲಿ ತಡೆಯುವುದಿಲ್ಲ. ಗಾಳಿ ಬೀಸಿದರೆ ಅದು ಬೇಲಿ ದಾಟಿ ಕಾಡಿಗೆ ಹೋಗುತ್ತದೆ.

ಆನೆಯ ಕಣ್ಣು ಅಷ್ಟೇನೂ ಚುರುಕಲ್ಲ. ಮೂಗು ಮಾತ್ರ ಬಹಳ ಚುರುಕು. ಸೊಂಡಿಲು ಎತ್ತಿ ಗಾಳಿಯನ್ನು ಮೂಸಿದರೆ ಅದಕ್ಕೆ ಸುದ್ದಿ ಸಿಗುತ್ತದೆ. ವಾಸನೆ ಗುರುತಿಸಲು ಪ್ರಾಣಿಗಳ ದೇಹದಲ್ಲಿ ಬೇರೆ ಬೇರೆ ಜೀನುಗಳಿವೆ. 2014ರಲ್ಲಿ ಜಪಾನಿನ ವಿಜ್ಞಾನಿಗಳು ಇವುಗಳನ್ನು ಎಣಿಸಿದರು. ಮನುಷ್ಯನಲ್ಲಿ ಇದ್ದದ್ದು ಸುಮಾರು 400. ನಾಯಿಯಲ್ಲಿ ಸುಮಾರು 800. ಆಫ್ರಿಕಾದ ಆನೆಯಲ್ಲಿ ಸುಮಾರು 2000! ಥಾಯ್ಲೆಂಡಿನಲ್ಲಿ ನಮ್ಮ ಜಾತಿಯ ಆನೆಗಳಿಗೆ ಇನ್ನೊಂದು ಪರೀಕ್ಷೆ ಕೊಟ್ಟರು. ಮುಚ್ಚಳ ಹಾಕಿದ ಎರಡು ಬಕೆಟು. ಒಂದರಲ್ಲಿ ಸೂರ್ಯಕಾಂತಿ ಬೀಜ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಒಳಗೆ ನೋಡಲಿಕ್ಕಾಗದು. ಮೂಸಿದ ಆನೆಗಳು ಹೆಚ್ಚಾಗಿ ಬೀಜ ಜಾಸ್ತಿ ಇದ್ದ ಬಕೆಟನ್ನೇ ಆರಿಸಿದವು.

ವಾಸನೆಗೆ ಪ್ರಾಣಿ ಹೇಗೆ ಬರುತ್ತದೆ ಎಂದು ನೋಡಬೇಕಾದರೆ ಹಂಪಿಯ ಹತ್ತಿರದ ದರೋಜಿಗೆ ಹೋಗಬೇಕು. ಅಲ್ಲಿ 1994ರಿಂದ ಕರಡಿಧಾಮ ಇದೆ. ಕರಡಿಗಳು ಬರಲಿ ಎಂದೇ ಅಲ್ಲಿ ಬಂಡೆಗೆ ಬೆಲ್ಲದ ಪಾಕ ಹಚ್ಚುತ್ತಾರೆ. ಸಂಜೆಯಾಗುವಾಗ ಕರಡಿಗಳು ಬಂದು ನೆಕ್ಕುತ್ತವೆ. ಅವರು ಗೊತ್ತಿದ್ದೇ ಹಚ್ಚುತ್ತಾರೆ. ನಾವು ಗೊತ್ತಿಲ್ಲದೆ ಅಂಗಳದಲ್ಲಿ ಅದೇ ಕೆಲಸ ಮಾಡುತ್ತೇವೆ. ಬುಡದಲ್ಲಿ ಕೊಳೆತ ಹಲಸು, ರಾಶಿ ಹಾಕಿದ ಗೇರುಹಣ್ಣು, ಜಗಲಿಯಲ್ಲಿ ತೂಗು ಹಾಕಿದ ಬಾಳೆಗೊನೆ, ಕಿಟಕಿಯ ಹತ್ತಿರ ಇಟ್ಟ ಅಕ್ಕಿ ಚೀಲ, ಕೊಟ್ಟಿಗೆಯ ಹಿಂಡಿ. ಎಲ್ಲವೂ ಬೆಲ್ಲ ಹಚ್ಚಿದ ಬಂಡೆಯ ಹಾಗೆಯೇ.

ಇಡುಕ್ಕಿ ಜಿಲ್ಲೆಯ ಚಿನ್ನಕ್ಕನಾಲಿನಲ್ಲಿ ಅರಿಕೊಂಬನ್ ಎಂಬ ಆನೆ ಇತ್ತು. ಮಲಯಾಳದಲ್ಲಿ ಅರಿ ಎಂದರೆ ಅಕ್ಕಿ. ಅಕ್ಕಿಗಾಗಿ ಅದು ರೇಷನ್ ಅಂಗಡಿಯನ್ನೂ ಮನೆಗಳನ್ನೂ ಒಡೆಯುತ್ತಿತ್ತು. 2023ರ ಎಪ್ರಿಲ್ 29ರಂದು ಅದನ್ನು ಹಿಡಿದು ಬೇರೆ ಕಾಡಿಗೆ ಸಾಗಿಸಿದರು. ಅದೇ ಊರಿನ ಇನ್ನೊಂದು ಆನೆಯ ಹೆಸರು ಚಕ್ಕಕೊಂಬನ್. ಚಕ್ಕ ಎಂದರೆ ಹಲಸು ಎಂದು ನಿಮಗೆ ಹೇಳಬೇಕಾಗಿಲ್ಲ! 2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣು ಎಂದು ಸಾರಿತು. ಆನೆಗಳು ಅದನ್ನು ಮೊದಲೇ ತೀರ್ಮಾನ ಮಾಡಿದ್ದವು.

ಹಾಗಾದರೆ ನಾವು ಎಂತ ಮಾಡುವುದು? ಹಲಸಿನ ಮರವನ್ನೇ ಕಡಿಯುವ ಎನ್ನುವವರಿದ್ದಾರೆ. ಅದು ಬೇಡ. ಕಾಯಿ ಬಲಿತ ಕೂಡಲೇ, ಹಣ್ಣಾಗುವ ಮೊದಲು, ದೋಟಿಯಿಂದ ಕೊಯ್ಯಿರಿ. ಕೊಡಗಿನ ಕಾಫಿ ತೋಟಗಳಲ್ಲೂ ಹೀಗೆ ಮಾಡುವವರಿದ್ದಾರೆ. ಎತ್ತರದ ಕಾಯಿಯನ್ನು ಹಗ್ಗ ಕಟ್ಟಿ ಇಳಿಸಿ. ಬಿದ್ದು ಒಡೆದರೆ ಆಗಲೇ ವಾಸನೆ ಶುರು. ಸಿಪ್ಪೆ, ಗೂಂಜುಗಳನ್ನು ಹಗಲಿನಲ್ಲೇ ದನಕ್ಕೆ ಹಾಕಿ. ಉಳಿದದ್ದನ್ನು ಮನೆಯಿಂದ ದೂರ ಗುಂಡಿ ತೋಡಿ ಮಣ್ಣು ಮುಚ್ಚಿ. ನಾಲ್ಕು ಬೆರಳು ಮಣ್ಣು ಸಾಲದು, ಮೊಣಕಾಲು ಆಳ ಬೇಕು. ಕೋಳಿಯ ಕಸವನ್ನು ತೋಡಿಗೆ ಎಸೆಯುವುದಂತೂ ಬೇಡವೇ ಬೇಡ. ಅದಕ್ಕೆ ಹಂದಿ ಬರುತ್ತದೆ, ನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆಯೂ ಬಂದೀತು.

ಅಕ್ಕಿ, ಉಪ್ಪು, ಬೆಲ್ಲ, ಹಿಂಡಿ ಇವನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ. ಒಳಕೋಣೆಯಲ್ಲಿ, ಗಟ್ಟಿ ಮುಚ್ಚಳದ ಡ್ರಮ್ಮಿನಲ್ಲಿ ಇಡಿ. ಆನೆ ಅಕ್ಕಿ ಇರುವ ಗೋಡೆಯನ್ನೇ ಒಡೆಯುತ್ತದೆ. ಆದ್ದರಿಂದ ಮಕ್ಕಳನ್ನು ಆ ಗೋಡೆಯ ಬದಿ ಮಲಗಿಸಬಾರದು. ಈ ಒಂದು ಮಾತನ್ನು ಮಾತ್ರ ಮರೆಯಬೇಡಿ.

ತೋಟ ಕಾಯಲು ಗುಡಿಸಲಿನಲ್ಲಿ ಮಲಗುವವರು ಇನ್ನೂ ಜಾಗ್ರತೆ ಮಾಡಬೇಕು. ಅಮೆರಿಕದ ಎಲ್ಲೋಸ್ಟೋನ್ ಕಾಡಿನಲ್ಲಿ ಕರಡಿಗಳಿವೆ. ಅಲ್ಲಿ ಡೇರೆ ಹಾಕುವವರು ಮಲಗುವಲ್ಲಿಂದ 90 ಮೀಟರಿನಷ್ಟು ದೂರ ಅಡುಗೆ ಮಾಡಬೇಕು. ಆಹಾರವನ್ನು ಎತ್ತರದಲ್ಲಿ ತೂಗು ಹಾಕಬೇಕು. ಸಾಬೂನು, ಹಲ್ಲುಜ್ಜುವ ಪೇಸ್ಟನ್ನು ಕೂಡ ಡೇರೆಯಲ್ಲಿ ಇಡುವಂತಿಲ್ಲ. ನಮ್ಮಲ್ಲಿ ತೂಗು ಹಾಕಿ ಪ್ರಯೋಜನವಿಲ್ಲ, ಸೊಂಡಿಲಿಗೆ ಎಟಕುತ್ತದೆ. ಮನೆಯಲ್ಲೇ ಉಂಡು ಹೋಗುವುದು ಒಳ್ಳೆಯದು. ಬುತ್ತಿ, ಬಾಳೆಹಣ್ಣು, ಕಳ್ಳು ಗುಡಿಸಲಿಗೆ ಬೇಡ. ಹುಳಿ ಬಂದ ಕಳ್ಳಿನ ವಾಸನೆ ದೂರ ಹೋಗುತ್ತದೆ. ಕುಡಿದವನಿಗೆ ಆನೆ ಬಂದದ್ದೂ ಗೊತ್ತಾಗುವುದಿಲ್ಲ. ಒಬ್ಬರೇ ಹೋಗಬೇಡಿ.

ನಮ್ಮ ಮೂಗೂ ಕೆಲಸ ಮಾಡಲಿ. ರಬ್ಬರ್ ಟ್ಯಾಪಿಂಗಿಗೆ ನಸುಕಿನಲ್ಲಿ ಹೋಗುವಾಗ ಹಸಿ ಲದ್ದಿಯ ವಾಸನೆ ಬಂತೇ? ಈಗಷ್ಟೇ ಮುರಿದ ಬಾಳೆಯ ಹಸಿ ವಾಸನೆ ಬಂತೇ? ಅಲ್ಲಿಂದಲೇ ಹಿಂದೆ ಬನ್ನಿ. ಅರಣ್ಯ ಇಲಾಖೆಯವರಿಗೆ ಫೋನು ಮಾಡಿ. ಟಾರ್ಚು ಹಿಡಿದು ನೋಡಲು ಹೋಗಬೇಡಿ. ಒಂದು ದಿನದ ಹಾಲು ಹೋದರೆ ಹೋಗಲಿ.

ಇಷ್ಟು ಮಾಡಿದರೆ ಆನೆ ಬರುವುದೇ ಇಲ್ಲವೇ? ಹಾಗೆ ಹೇಳಲಿಕ್ಕಾಗದು. ತೋಟದಲ್ಲಿ ಬಾಳೆ, ತೆಂಗು ಇದ್ದೇ ಇದೆಯಲ್ಲ. ಆದರೆ ಅಂಗಳದಲ್ಲಿ ತಿನ್ನಲು ಏನೂ ಸಿಗದಿದ್ದರೆ ಅದು ಅಲ್ಲೇ ನಿಲ್ಲುವುದು ಕಡಿಮೆ. ಒಮ್ಮೆ ರುಚಿ ಸಿಕ್ಕಿದರೆ ಮಾತ್ರ ಪುನಃ ಪುನಃ ಬರುತ್ತದೆ. ನೆರೆಮನೆಯ ಮರದಲ್ಲಿ ಹಣ್ಣಿದ್ದರೂ ಅಷ್ಟೇ ಅಪಾಯ. ಆದ್ದರಿಂದ ಏಳೆಂಟು ಮನೆಯವರು ಸೇರಿ, ಕುಟುಂಬಶ್ರೀ ಸಂಘದ ಅಕ್ಕಂದಿರೂ ಸೇರಿ, ಒಂದೇ ವಾರದಲ್ಲಿ ಎಲ್ಲ ಮರದ ಕಾಯಿ ಇಳಿಸಿದರೆ ಒಳ್ಳೆಯದು.

ಇಳಿಸಿದ ಕಾಯಿ ಹಾಳಾಗಬೇಕಾಗಿಲ್ಲ. ಹಪ್ಪಳ ಮಾಡಿ, ಚಿಪ್ಸ್ ಮಾಡಿ. ಬೇಳೆಯನ್ನು ತೊಳೆದು ಒಣಗಿಸಿ ಇಡಿ. ಸೊಳೆಯನ್ನು ಉಪ್ಪು ಹಾಕಿ ಭರಣಿಯಲ್ಲಿ ತುಂಬಿಸಿ, ಮುಚ್ಚಳ ಬಿಗಿಯಾಗಿ ಕಟ್ಟಿ. ಆಟಿ ತಿಂಗಳ ಮಳೆಗೆ ಉಪ್ಪುಸೊಳೆಯ ಪಲ್ಯ, ರೊಟ್ಟಿ ಆಗುತ್ತದೆ.