ಹಳ್ಳದ ತುದಿ, ಮೋರಿಯ ಕಣ್ಣು

ಆಂಧ್ರದ ಮಂತ್ರಾಲಯ ಮಂಡಲದ ಮಾಧವರಂ ತುಂಗಭದ್ರೆಯ ಬಲದಂಡೆಯ ಊರು. ಹೊಳೆ ದಾಟಿದರೆ ರಾಯಚೂರು ಜಿಲ್ಲೆ. ಈ ಭಾಗದಲ್ಲಿ ನೆರೆಯ ಮಾತೆತ್ತಿದರೆ ಮೊದಲು ಬರುವುದು 2009. ಮುಂಗಾರು ಕೈಕೊಟ್ಟ ವರ್ಷ ಅದು. ಸೆಪ್ಟೆಂಬರ್ ಕೊನೆಗೆ ಸುರಿಯತೊಡಗಿದ ಮಳೆಗೆ ಅಕ್ಟೋಬರ್ 2ರ ಹೊತ್ತಿಗೆ ಮಂತ್ರಾಲಯದ ಮಠದೊಳಗೆ ಹೊಳೆ ನುಗ್ಗಿತ್ತು, ಕರ್ನೂಲು ಮುಳುಗಿತ್ತು. ಶ್ರೀಶೈಲ ಜಲಾಶಯದ ಒಳಹರಿವು 25 ಲಕ್ಷ ಕ್ಯೂಸೆಕ್ ದಾಟಿತು. ಅಷ್ಟು ನೀರಿನ ಮುಂದೆ ಪಂಚಾಯಿತಿಯ ಗುದ್ದಲಿಯಾಗಲಿ ಜೆಸಿಬಿಯಾಗಲಿ ಯಾವ ಲೆಕ್ಕಕ್ಕೂ ಇಲ್ಲ.

ಆದರೆ ಮಳೆಗಾಲ ಬಂದಾಗಲೆಲ್ಲ ಊರೂರಿನ ದಾರಿ ಕಡಿಯುವುದು ಹೊಳೆಯಲ್ಲ, ಹಳ್ಳ. ಆದೋನಿ ಸೀಮೆಯ ಎರೆನೆಲ ಬೇಸಿಗೆಯಲ್ಲಿ ಬಿರುಕುಬಿಟ್ಟಿರುತ್ತದೆ; ಮೊದಲ ಮಳೆಯನ್ನು ಆ ಬಿರುಕುಗಳೇ ಕುಡಿದುಬಿಡುತ್ತವೆ. ಒಮ್ಮೆ ನೆಂದು ಉಬ್ಬಿತೋ, ಬಿರುಕು ಮುಚ್ಚಿ ಗಂಟೆಗೆ ಕೆಲವೇ ಮಿಲಿಮೀಟರ್ ನೀರು ಇಂಗುತ್ತದೆ. ಆಮೇಲಿನ ಮಳೆಯೆಲ್ಲ ಹಳ್ಳಕ್ಕೆ. ಆದ್ದರಿಂದಲೇ ಮೇಲೆಲ್ಲೋ ಮಳೆಯಾದರೂ ಇಲ್ಲಿ ಒಮ್ಮೆಗೇ ಹಳ್ಳ ಬರುತ್ತದೆ, ಹತ್ತಿ ಹೊಲಗಳ ಸಾರಸಮೇತ.

ಈ ಹಳ್ಳ, ರಸ್ತೆ ಅದನ್ನು ದಾಟುವಲ್ಲಿನ ಮೋರಿ ಸ್ಥಳೀಯ ಆಡಳಿತದ ಪಾಲಿಗೆ ಬರುವಂಥವು. ಸಂವಿಧಾನದ 11ನೇ ಅನುಸೂಚಿ ಪಂಚಾಯಿತಿಗಳಿಗೆ ವಹಿಸಬಹುದೆಂದು ಹೇಳಿದ 29 ವಿಷಯಗಳಲ್ಲಿ 13ನೆಯದು ರಸ್ತೆ, ಮೋರಿ, ಸೇತುವೆ, ಜಲಮಾರ್ಗ. ಆಂಧ್ರದಲ್ಲಿ 2019ರಿಂದ ಗ್ರಾಮ ಸಚಿವಾಲಯಗಳಲ್ಲಿ ಎಂಜಿನಿಯರಿಂಗ್ ಅಸಿಸ್ಟೆಂಟ್ ಹುದ್ದೆಯೂ ಇದೆ. ಅಧಿಕಾರ ಕಾಗದದ ಮೇಲಿದೆ, ಆಳೂ ಇದ್ದಾರೆ. ಸಾಮಾನ್ಯವಾಗಿ ತಪ್ಪುವುದು ಎಲ್ಲಿಂದ ಶುರುಮಾಡಬೇಕು ಎಂಬ ಆಯ್ಕೆ.

ಐರಿಷ್ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರ ಇಂದಿಗೂ ಕಾಲುವೆ ಲೆಕ್ಕದ ಆಧಾರ. ನೀರಿನ ವೇಗ ಆಳಕ್ಕೆ, ಇಳಿಜಾರಿಗೆ ತಕ್ಕಂತೆ ಹೆಚ್ಚುತ್ತದೆ; ತಳದ ಒರಟುತನಕ್ಕೆ ತಕ್ಕಂತೆ ತಗ್ಗುತ್ತದೆ. ಚೊಕ್ಕವಾಗಿರುವ, ನೇರವಾಗಿ ಹರಿಯುವ ಹಳ್ಳದ ಒರಟಿನ ಅಂಕ ಸುಮಾರು 0.03. ಪೊದೆ ಕಿಕ್ಕಿರಿದರೆ ಅದು 0.1ಕ್ಕೆ ಏರುತ್ತದೆ. ಹಳ್ಳದ ಅಗಲ, ಆಳ ಒಂದಿಷ್ಟೂ ಕುಗ್ಗದೆಯೇ ಅದು ಸಾಗಿಸುವ ನೀರು ಮೂರನೇ ಒಂದು ಪಾಲಿಗೆ ಇಳಿಯಿತೆಂದು ಅರ್ಥ. ಉಳಿದದ್ದು ದಂಡೆ ಹತ್ತಿ ಹೊಲಕ್ಕೆ, ಕೇರಿಗೆ.

ಆ ಪೊದೆ ಈ ಸೀಮೆಯಲ್ಲಿ ಹೆಚ್ಚಾಗಿ ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ಅದು ಅಮೆರಿಕ ಖಂಡದ ಗಿಡ. 1877–78ರ ಸುಮಾರಿಗೆ ಜಮೈಕಾದ ಬೀಜ ತರಿಸಿ ಕಡಪ ಜಿಲ್ಲೆಯ ಕಮಲಾಪುರದಲ್ಲಿ ನೆಟ್ಟರು, ಸೌದೆಗೆಂದು. ಆಡು, ದನ ಅದರ ಕಾಯಿ ತಿಂದು ಸಗಣಿಯಲ್ಲಿ ಬೀಜ ಚೆಲ್ಲುತ್ತವೆ, ಹಳ್ಳ ಅದನ್ನು ಕೊಚ್ಚಿ ಮುಂದಿನೂರಿಗೆ ಒಯ್ಯುತ್ತದೆ. ಸವರಿ ಬಿಟ್ಟರೆ ಒಂದು ಕಾಂಡದ ಜಾಗದಲ್ಲಿ ಹತ್ತು ಚಿಗುರುತ್ತವೆ. ಬುಡಸಮೇತ ಕೀಳದೆ ಮಾಡಿದ ‘ಸ್ವಚ್ಛತೆ’ ಫೋಟೊ ತೆಗೆಯಲಷ್ಟೇ ಚೆಂದ.

ಇನ್ನು ಮೋರಿ. ಕೊಚ್ಚಿಬಂದ ಜಾಲಿ ಕೊಂಬೆ, ಹತ್ತಿಕಟ್ಟಿಗೆ, ಪ್ಲಾಸ್ಟಿಕ್ ಸೇರಿ, ನೀರು ಹಾಯುವ ಅದರ ಕಣ್ಣುಗಳಲ್ಲಿ ಅರ್ಧ ಮುಚ್ಚಿದವೆನ್ನಿ. ಹಿಂದೆ ನೀರು ಏರುತ್ತದೆ, ಉಳಿದ ಕಣ್ಣುಗಳಲ್ಲಿ ವೇಗ ಇಮ್ಮಡಿಯ ಹತ್ತಿರಕ್ಕೆ ಹೋಗುತ್ತದೆ. ಹರಿಯುವ ನೀರು ಉರುಳಿಸಬಲ್ಲ ಕಲ್ಲಿನ ತೂಕ ವೇಗದ ಆರನೇ ಘಾತಕ್ಕೆ ತಕ್ಕಂತೆ ಬೆಳೆಯುತ್ತದೆ ಎಂಬುದು ಹಳೆಯ ಪಾಠ: ವೇಗ ಎರಡರಷ್ಟಾದರೆ ಕಲ್ಲಿನ ತೂಕ 64ರಷ್ಟು. ಸೇತುವೆಗಳು ಬೀಳುವುದು ಹೆಚ್ಚಾಗಿ ಮೇಲಿನ ಭಾರಕ್ಕಲ್ಲ, ಹೀಗೆ ಕಂಬದ ಬುಡದ ಮಣ್ಣು ಕೊರೆದುಹೋಗುವುದಕ್ಕೆ. ಇದಕ್ಕಿಂತ ಕ್ರೂರವಾದ ದಾರಿಯೂ ಇದೆ. 2005ರ ಅಕ್ಟೋಬರ್ 29ರಂದು ಆಗಿನ ನಲಗೊಂಡ ಜಿಲ್ಲೆಯ ವಲಿಗೊಂಡದ ಬಳಿ ಕೆರೆಯೊಂದು ಒಡೆದು ರೈಲು ಹಾದಿಯ ಸಣ್ಣ ಸೇತುವೆ ಕೊಚ್ಚಿಹೋಯಿತು. ಅದರ ಮೇಲೆ ಬಂದ ರೈಲಿನಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಮೇಲಿನ ಕೆರೆಯ ಏರಿಯನ್ನು ನೋಡದೆ ಕೆಳಗಿನ ಸೇತುವೆಯನ್ನು ಮಾತ್ರ ಪರೀಕ್ಷಿಸಿದರೆ ಸಾಲದು.

ಕೊರೆತದ ಇನ್ನೊಂದು ಗುಣ ಪರೀಕ್ಷಕರನ್ನು ಏಮಾರಿಸುತ್ತದೆ. ಪ್ರವಾಹ ಏರಿದಾಗ ಕಂಬದ ಬುಡದಲ್ಲಿ ತೋಡಿಕೊಂಡ ಗುಂಡಿಯನ್ನು, ಇಳಿಯುವಾಗ ಅದೇ ನೀರು ಸಡಿಲ ಮರಳಿನಿಂದ ತುಂಬಿಬಿಡುತ್ತದೆ. ಮರುದಿನ ಹೋಗಿ ನೋಡಿದರೆ ಎಲ್ಲ ಸಮತಟ್ಟು. ಕಬ್ಬಿಣದ ಸಲಾಕೆ ಚುಚ್ಚಿ ನೋಡಿದರೆ ಸಡಿಲ ಮರಳು ಎಲ್ಲಿಯವರೆಗಿದೆ ಎಂಬ ಸುಳಿವು ಸಿಗುತ್ತದೆ. ಈ ಅಗ್ಗದ ಕೆಲಸಕ್ಕೆ ಟೆಂಡರ್ ಬೇಕಿಲ್ಲ. ಬಹುಶಃ ಅದಕ್ಕೇ ಯಾರೂ ಮಾಡುವುದಿಲ್ಲ.

ಎಲ್ಲಿಂದ ಶುರು ಎಂಬ ಪ್ರಶ್ನೆಗೆ ಬರೋಣ. ಬಯಲುಸೀಮೆಯ ಮಂದ ಇಳಿಜಾರಿನಲ್ಲಿ ನೀರಿನ ಮಟ್ಟವನ್ನು ನಿರ್ಧರಿಸುವುದು ಮೇಲಿನ ಹಾದಿಯಲ್ಲ, ಕೆಳಗಿನ ತಡೆ. ಮೋರಿಯ ಮೇಲ್ಬದಿಯನ್ನು ಎಷ್ಟೇ ಅಗೆದರೂ ಕೆಳಬದಿ ಜಾಲಿಯಿಂದ ಬಿಗಿದಿದ್ದರೆ ನೀರು ಹಿಂದಕ್ಕೆ ಒತ್ತಿಕೊಂಡೇ ಬರುತ್ತದೆ. ಮೇಲ್ಬದಿಯನ್ನಷ್ಟೇ ತೆರೆದರೆ ಇನ್ನೂ ಕೆಟ್ಟದ್ದು: ತಡೆದು ತಡೆದು ಬರುತ್ತಿದ್ದ ನೀರು ಒಟ್ಟಿಗೇ ಬಂದು ಬಡಿಯುತ್ತದೆ. ಆದ್ದರಿಂದ ಕೆಲಸ ಹೊಳೆ ಸೇರುವ ತುದಿಯಿಂದ ಮೇಲಕ್ಕೆ ಸಾಗಬೇಕು, ಅದೂ ಏಪ್ರಿಲ್–ಮೇ ಒಳಗೆ. ತುಂಗಭದ್ರೆಯೇ ತುಂಬಿ ಹರಿಯುವಾಗ ಹಳ್ಳದ ಬಾಯಿಗೆ ಹೊಳೆಯೇ ಬಾಗಿಲು ಹಾಕುತ್ತದೆ, ಆಗ ಯಾವ ಹೂಳೆತ್ತುವಿಕೆಯೂ ನೆರವಾಗದು. ಆ ದಿನಗಳಿಗೆ ಬೇಕಾದದ್ದು ಎಚ್ಚರಿಕೆ, ಮುಚ್ಚಿದ ರಸ್ತೆ, ಬಳಸುದಾರಿ.

ತೊಡಕು ಇಷ್ಟೇ: ಹಳ್ಳದ ತುದಿ ಒಂದು ಪಂಚಾಯಿತಿಯದು, ಮುಳುಗುವ ಕೇರಿ ಇನ್ನೊಂದರದು. ತನ್ನ ಹಣವನ್ನು ಪಕ್ಕದೂರಿನ ಜಾಲಿ ಕೀಳಲು ಖರ್ಚು ಮಾಡಲು ಯಾವ ಸರಪಂಚರೂ ಸುಲಭಕ್ಕೆ ಒಪ್ಪರು. ಹಾಗಾಗಿ ಈ ಲೆಕ್ಕವನ್ನು ಊರಿನ ಮಟ್ಟದಲ್ಲಲ್ಲ, ಹಳ್ಳದ ಉದ್ದಕ್ಕೂ ಮಂಡಲ ಪರಿಷತ್ತು ಹಾಕಬೇಕಾಗುತ್ತದೆ.