ಔಷಧಿ ಹೊಡೆಯುವವರ ಮನಸ್ಸನ್ನೂ ಕೇಳಬೇಕು

ಟೇಕಲ್, ಮಾಲೂರು ಸುತ್ತಿನ ತರಕಾರಿ ಹೊಲಗಳಲ್ಲಿ ಔಷಧಿ ಹೊಡೆಯುವಾಗ ಬೆನ್ನ ಮೇಲಿನ ಕ್ಯಾನು ಸೋರಿದರೆ ಅಂಗಿ ನೆನೆಯುತ್ತದೆ. ಕ್ಯಾನಿನಲ್ಲಿರುವುದು ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಆಗಿದ್ದರೆ ಅದು ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ನರಕೋಶಗಳು ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕಗಳಲ್ಲಿ ಅಸಿಟೈಲ್‌ಕೋಲಿನ್ ಒಂದು. ಕೆಲಸ ಮುಗಿದೊಡನೆ ಅದನ್ನು ಒಡೆದುಹಾಕಲು ಒಂದು ಕಿಣ್ವವಿದೆ. ವಿಷ ಕಟ್ಟಿಹಾಕುವುದು ಈ ಕಿಣ್ವವನ್ನೇ. ಹುಳು ಸಾಯುವುದೂ ಹಾಗೆಯೇ. ಸುರಿಯುವ ಜೊಲ್ಲು, ಬೆವರು, ಸಾಸಿವೆ ಕಾಳಿನಷ್ಟು ಕಿರಿದಾದ ಕಣ್ಣಪಾಪೆ ಕಂಡರೆ ವೈದ್ಯರು ತಡಮಾಡದೆ ಅಟ್ರೋಪಿನ್ ಕೊಡುತ್ತಾರೆ. ಆದರೆ ಹೀಗೆ ಒಡೆಯದೆ ಉಳಿದ ಅಸಿಟೈಲ್‌ಕೋಲಿನ್ ಮಿದುಳಿನಲ್ಲಿ ಮನಸ್ಸನ್ನೂ ಕುಗ್ಗಿಸಬಲ್ಲದು ಎಂಬುದಕ್ಕೆ ನಾವು ಇನ್ನೂ ಸಾಕಷ್ಟು ಬೆಲೆ ಕೊಟ್ಟಿಲ್ಲ.

ಇದು ಹೊಸ ಅನುಮಾನವಲ್ಲ. ಇಂಥ ಕೀಟನಾಶಕಗಳ ನಡುವೆ ದುಡಿದವರಲ್ಲಿ ಖಿನ್ನತೆ ಕಂಡದ್ದನ್ನು ಗೆರ್ಷನ್ ಮತ್ತು ಶಾ 1961ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. 1972ರಲ್ಲಿ ಡೇವಿಡ್ ಜನೋಸ್ಕಿ ಮತ್ತು ಸಂಗಡಿಗರು ಅಸಿಟೈಲ್‌ಕೋಲಿನ್ ವ್ಯವಸ್ಥೆಯ ಕೈ ಮೇಲಾದರೆ ಖಿನ್ನತೆ, ಕೆಳಗಾದರೆ ಉನ್ಮಾದ ಎಂಬ ವಾದ ಮುಂದಿಟ್ಟರು. ಅದೇ ಕಿಣ್ವವನ್ನು ತಡೆಯುವ ಫೈಸೋಸ್ಟಿಗ್ಮಿನ್ ಉನ್ಮಾದವನ್ನು ತಗ್ಗಿಸಿ, ಕೆಲವರನ್ನು ಮಂಕುಗೊಳಿಸುತ್ತಿತ್ತು. 2006ರಲ್ಲಿ ಅಮೆರಿಕದ ಫ್ಯೂರಿ ಮತ್ತು ಡ್ರೆವೆಟ್ಸ್ ಈ ತರ್ಕವನ್ನು ತಿರುಗಿಸಿ ನೋಡಿದರು. ಅಸಿಟೈಲ್‌ಕೋಲಿನ್ನಿನ ದಾರಿ ತಡೆಯುವ ಸ್ಕೋಪಲಮಿನ್ ಅನ್ನು ಖಿನ್ನರ ರಕ್ತನಾಳಕ್ಕೆ ಹರಿಸಿದರು. ದೇಹತೂಕದ ಕಿಲೋಗೆ 4 ಮೈಕ್ರೋಗ್ರಾಂ, ಅಂದರೆ 60 ಕಿಲೋ ತೂಕದವರಿಗೆ ಕಾಲು ಮಿಲಿಗ್ರಾಂಗಿಂತ ಕಡಿಮೆ. ವಾರಗಟ್ಟಲೆ ಕಾಯಿಸುವ ಸಾಮಾನ್ಯ ಮಾತ್ರೆಗಳಿಗಿಂತ ಭಿನ್ನವಾಗಿ, ಕೆಲವೇ ದಿನಗಳಲ್ಲಿ ಸುಧಾರಣೆ ಕಂಡಿತು.

ಆಮೇಲಿನ ಕೆಲವು ಪ್ರಯೋಗಗಳಲ್ಲಿ ಸ್ಕೋಪಲಮಿನ್ ಹುಸಿಮದ್ದಿಗಿಂತ ಮೇಲೆನಿಸಲಿಲ್ಲ. ಈ ಆಕ್ಷೇಪ ತೂಕದ್ದು. ಹಾಗಾಗಿ ಇದನ್ನು ಸಿದ್ಧ ಚಿಕಿತ್ಸೆ ಎನ್ನಲಾಗದು. ಖಿನ್ನತೆಯ ಹಳೆಯ ಮಾತ್ರೆ ಅಮಿಟ್ರಿಪ್ಟಿಲಿನ್ ಕೂಡ ಅಸಿಟೈಲ್‌ಕೋಲಿನ್ನನ್ನು ತಡೆಯುತ್ತದೆ, ಬಾಯಿ ಒಣಗುವುದು, ಮಲಬದ್ಧತೆ ಅದರಿಂದಲೇ. ಆದರೆ ಆ ತಡೆಯಿಲ್ಲದ ಮಾತ್ರೆಗಳೂ ಖಿನ್ನತೆ ಇಳಿಸುತ್ತವೆ. ಅಲ್ಲಿಗೆ ಅಸಿಟೈಲ್‌ಕೋಲಿನ್ ಒಂದೇ ಕಾರಣವಲ್ಲವೆಂದಾಯಿತು, ಕಾರಣವೇ ಅಲ್ಲವೆಂದಲ್ಲ. ಇನ್ನು, ನಮ್ಮ ತಿಪ್ಪೆ ಬದಿಯ ಉಮ್ಮತ್ತಿಯಲ್ಲೂ ಸ್ಕೋಪಲಮಿನ್ ಇದೆ ಎಂದು ಯಾರೂ ಅದಕ್ಕೆ ಕೈಹಾಕಬಾರದು. ಎಷ್ಟು ಬೀಜದಲ್ಲಿ ಎಷ್ಟು ವಿಷ ಎಂಬ ಅಳತೆ ಇಲ್ಲ. ಬುದ್ಧಿಭ್ರಮೆ, ಸಾವು ಎರಡೂ ಬರಬಹುದು.

ರೈತನ ಖಿನ್ನತೆಗೆ ಸಾಲ ಮತ್ತು ಟೊಮೆಟೊ ದರವೇ ಕಾರಣ, ರಸಾಯನಶಾಸ್ತ್ರದ ಮಾತೇಕೆ ಎನ್ನುವವರಿದ್ದಾರೆ. ಸಾಲದ ಹೊರೆ ನಿಜ. ಆದರೆ ಸಾಲದಲ್ಲಿರುವವನೇ ಕೈಗವಸಿಲ್ಲದೆ ಔಷಧಿ ಹೊಡೆಯುತ್ತಾನೆ. ಎರಡು ಪೆಟ್ಟೂ ಬೀಳುವುದು ಒಂದೇ ಮೈಗೆ. ಆದ್ದರಿಂದ ನಿದ್ದೆಯಿಲ್ಲ, ಯಾವುದೂ ಬೇಡವೆನಿಸುತ್ತಿದೆ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದವರನ್ನು, 14416ರ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿದವರನ್ನು, ‘ಈಚೆಗೆ ಔಷಧಿ ಹೊಡೆದಿರಾ, ಯಾವುದು?’ ಎಂದು ಕೇಳಲೇಬೇಕು. ಕಿಣ್ವದ ಮಟ್ಟವನ್ನು ರಕ್ತಪರೀಕ್ಷೆಯಲ್ಲಿ ಅಳೆಯಬಹುದು. ಆದರೆ ಸಹಜ ಮಟ್ಟ ಒಬ್ಬೊಬ್ಬರಿಗೆ ಒಂದೊಂದು. ಹಾಗಾಗಿ ಕೂಲಿಗೆ ಔಷಧಿ ಹೊಡೆಯುವವರ ರಕ್ತವನ್ನು ಹಂಗಾಮಿಗೆ ಮೊದಲೇ ಒಮ್ಮೆ ಪರೀಕ್ಷಿಸಿಟ್ಟುಕೊಂಡರೆ ಮಾತ್ರ ಆಮೇಲೆ ಎಷ್ಟು ಕುಸಿದಿದೆ ಎಂದು ಹೇಳಲಾದೀತು.