ಒಂದು ಪಾದ ಬಿಸಿ, ಇನ್ನೊಂದು ತಣ್ಣಗೆ

ನಮ್ಮ ದೇಹದೊಳಗಿನ ಉಷ್ಣತೆ ಬೆಳಗಿನ ಜಾವ ತುಸು ಇಳಿಯುತ್ತದೆ, ಸಂಜೆ ತುಸು ಏರುತ್ತದೆ. ವ್ಯತ್ಯಾಸ ಒಂದು ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು, ಅಷ್ಟೇ. ಪಾದದ ಲೆಕ್ಕ ಹಾಗಲ್ಲ. ತಣ್ಣನೆಯ ನೆಲದ ಮೇಲೆ ಓಡಾಡುವಾಗ ಅಂಗಾಲಿನ ಚರ್ಮ 25 ಡಿಗ್ರಿಗೂ ಕೆಳಗಿಳಿಯಬಹುದು. ಹೊದ್ದು ಮಲಗಿ ನಿದ್ದೆ ಹತ್ತುವಾಗ ಅದೇ ಅಂಗಾಲು 34ರ ಹತ್ತಿರ ಹೋಗಬಹುದು. ಅಂಗಾಲಿನ ಚರ್ಮದಡಿ ರಕ್ತ ಹಾಯುವ ಸಣ್ಣ ಅಡ್ಡದಾರಿಗಳಿವೆ. ಮೈಯ ಬಿಸಿ ಹೊರಹಾಕಬೇಕಾದಾಗ ಅವು ತೆರೆದುಕೊಳ್ಳುತ್ತವೆ, ಚಳಿಯಾದಾಗ ಮುಚ್ಚಿಕೊಳ್ಳುತ್ತವೆ. ಇದನ್ನು ನಡೆಸುವುದು ನಮ್ಮ ಇಚ್ಛೆಗೆ ಕಾಯದ ನರಗಳು.

ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಹತೋಟಿ ತಪ್ಪಿದರೆ ಮೊದಲ ಪೆಟ್ಟು ಬೀಳುವುದು ಅತಿ ಉದ್ದದ ನರಗಳಿಗೆ, ಎಂದರೆ ಪಾದದವರೆಗೆ ಹೋಗುವ ನರಗಳಿಗೆ. ಆಗ ಅಡ್ಡದಾರಿಗಳು ಸದಾ ತೆರೆದೇ ಉಳಿಯಬಹುದು. ಪಾದ ಮುಟ್ಟಿದರೆ ಬೆಚ್ಚಗಿರುತ್ತದೆ, ‘ರಕ್ತ ಚೆನ್ನಾಗಿ ಹರಿಯುತ್ತಿದೆ’ ಎಂದು ಮನೆಯವರು ನೆಮ್ಮದಿಪಡುತ್ತಾರೆ. ಆದರೆ ಆ ರಕ್ತದ ಒಂದಷ್ಟು ಪಾಲು ಚರ್ಮವನ್ನು ಪೋಷಿಸದೆ ಹಾಗೇ ಹಿಂದಿರುಗುತ್ತಿರುತ್ತದೆ. ಬೆವರೂ ನಿಲ್ಲುತ್ತದೆ. ಬೀದರ್, ಕಲಬುರಗಿಯ ಕಡೆ ಡಿಸೆಂಬರಿನಲ್ಲಿ ಮಧ್ಯಾಹ್ನ 30 ಡಿಗ್ರಿ ಆಸುಪಾಸು ಇದ್ದದ್ದು ಬೆಳಗಿನ ಜಾವಕ್ಕೆ 15ರ ಹತ್ತಿರ ಬರುತ್ತದೆ, ಗಾಳಿ ಒಣಗಿರುತ್ತದೆ. ಬೆವರದ ಹಿಮ್ಮಡಿ ಬಿರಿಯಲು ಇಷ್ಟು ಸಾಕು. ಆ ಬಿರುಕಿನಿಂದಲೇ ಸೋಂಕು ಒಳಗೆ ಇಳಿಯುತ್ತದೆ.

ನೋವು ತಿಳಿಸುವ ನರಗಳು ಸತ್ತರೆ ಹಗಲಿನ ಬಿಸಿಲೂ ರಾತ್ರಿಯ ಚಳಿಯೂ ಒಂದೊಂದು ಬಗೆಯ ಅಪಾಯ ತರುತ್ತವೆ. ಬೇಸಿಗೆಯ ಮಧ್ಯಾಹ್ನ ಬಿಸಿಲಿಗೆ ಕಾದ ಚಪ್ಪಡಿ ಕಲ್ಲು 50 ಡಿಗ್ರಿ ದಾಟುವುದು ಹೊಸತಲ್ಲ. ಗುಡಿಯ ಪ್ರದಕ್ಷಿಣೆಯಲ್ಲಿ, ಶ್ರವಣಬೆಳಗೊಳದ ವಿಂಧ್ಯಗಿರಿಯ ಮೆಟ್ಟಿಲುಗಳ ಮೇಲೆ ಬೇರೆಯವರು ಓಡುತ್ತಾ ಹೆಜ್ಜೆ ಎತ್ತಿಡುವಾಗ ಸಂವೇದನೆ ಕಳೆದುಕೊಂಡವರು ನಿಧಾನವಾಗಿ ನಡೆಯುತ್ತಾರೆ. ಮನೆಗೆ ಬಂದ ಮೇಲೆ ಬೊಬ್ಬೆ ಕಾಣುತ್ತದೆ. ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ವಿಜ್ಞಾನಿಗಳು 1947ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 60 ಡಿಗ್ರಿಯ ಬಿಸಿ ಚರ್ಮವನ್ನು ಸುಮಾರು ಐದು ಸೆಕೆಂಡಿನಲ್ಲಿ ಸುಡುತ್ತದೆ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಅದೇ ಅಧ್ಯಯನದ ಇನ್ನೊಂದು ಅಂಕಿ: ಕೇವಲ 44 ಡಿಗ್ರಿಯೂ ಸುಮಾರು ಆರು ಗಂಟೆ ತಗುಲಿದ್ದರೆ ಸುಡುತ್ತದೆ. ಚಳಿಯೆಂದು ಕಾಲ ಬುಡದಲ್ಲಿ ಬಿಸಿನೀರಿನ ಚೀಲ ಇಟ್ಟು ಮಲಗುವವರಿಗೆ ಆಗುವುದು ಇದೇ. ನರ ಚೆನ್ನಾಗಿದ್ದರೆ ನಿದ್ದೆಯಲ್ಲೇ ಕಾಲು ಎಳೆದುಕೊಳ್ಳುತ್ತೇವೆ. ದಯವಿಟ್ಟು ಚೀಲದ ಬದಲು ಬಿಗಿಯಿಲ್ಲದ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದ ನೋಡಬೇಡಿ, ಮನೆಯವರ ಕೈಯಲ್ಲಿ ನೋಡಿಸಿ.

ಹೊರಗಿನ ಬಿಸಿಯ ಮಾತು ಇದಾಯಿತು. ಪಾದ ತಾನೇ ಹುಟ್ಟಿಸುವ ಬಿಸಿಯೂ ಒಂದಿದೆ, ಅದು ಹುಣ್ಣಿನ ಮುನ್ಸೂಚನೆ. ಇದನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ಮೊದಲಿಗರು ಡಾ. ಪಾಲ್ ಬ್ರ್ಯಾಂಡ್. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿ, ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಕುಷ್ಠರೋಗಿಗಳ ಶಸ್ತ್ರವೈದ್ಯರಾದವರು ಅವರು. ರೋಗಿಗಳ ಬೆರಳುಗಳು ತಾವಾಗಿ ಕೊಳೆತು ಉದುರುವುದಿಲ್ಲ, ನೋವು ತಿಳಿಯದ ಕಾರಣ ಗಾಯದ ಮೇಲೆ ಗಾಯವಾಗಿ ಹಾಳಾಗುತ್ತವೆ ಎಂದು ತೋರಿಸಿದರು. ಮುಂದೆ ಅಮೆರಿಕದ ಕಾರ್ವಿಲ್‌ನಲ್ಲಿ ಪಾದದ ಬಿಸಿಯನ್ನು ಅಳೆಯುತ್ತಾ ಅವರು ಕಂಡದ್ದು ಇದು: ಒಂದು ಸಲಕ್ಕೆ ಏನೂ ಮಾಡದ ಒತ್ತಡ ದಿನಕ್ಕೆ ಸಾವಿರಾರು ಹೆಜ್ಜೆಗಳಲ್ಲಿ ಒಂದೇ ಜಾಗಕ್ಕೆ ಬಿದ್ದರೆ, ಚರ್ಮ ಒಡೆಯುವ ಮೊದಲೇ ಆ ಜಾಗ ಬಿಸಿಯೇರುತ್ತದೆ. ಕುಷ್ಠರೋಗಿಗಳಿಗೆ ಕೊಡುತ್ತಿದ್ದ ಎಂ.ಸಿ.ಆರ್. (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿಯನ್ನು ಇಂದು ಮಧುಮೇಹಿಗಳೂ ಮೆಟ್ಟುತ್ತಾರೆ, ಎರಡೂ ಕಾಯಿಲೆಗಳ ಪಾದದ ಕಷ್ಟ ಅಷ್ಟು ಹತ್ತಿರ.

ದಿನವಿಡೀ ಇಷ್ಟೊಂದು ಏರಿಳಿಯುವ ಪಾದದಲ್ಲಿ ಈ ಕಾಯಿಲೆಯ ಬಿಸಿಯನ್ನು ಗುರುತಿಸುವುದು ಹೇಗೆ? ಪಾದ 32 ಡಿಗ್ರಿ ಇದೆ ಎಂದರೆ ಏನೂ ತಿಳಿಯುವುದಿಲ್ಲ. ಆದರೆ ಹವೆ ಬದಲಾದರೆ, ಹೊತ್ತು ಬದಲಾದರೆ ಎರಡು ಪಾದಗಳೂ ಜೋಡೆತ್ತುಗಳಂತೆ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಹಾಗಾಗಿ ಬಲಪಾದದ ಒಂದು ಜಾಗವನ್ನು ಎಡಪಾದದ ಅದೇ ಜಾಗದ ಜೊತೆ ಹೋಲಿಸಿದರೆ ಹವೆಯ ಪಾಲು ಹೆಚ್ಚುಕಡಿಮೆ ಕಳೆದುಹೋಗುತ್ತದೆ. ಉಳಿದ ವ್ಯತ್ಯಾಸ 2.2 ಡಿಗ್ರಿ ಮೀರಿ ಎರಡು ದಿನ ನಿಂತರೆ ಅದು ಎಚ್ಚರಿಕೆ.

ಅಮೆರಿಕದ ಆರ್ಮ್‌ಸ್ಟ್ರಾಂಗ್, ಲೇವರಿ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಪಾಯದಂಚಿನ 225 ಮಧುಮೇಹಿಗಳಿದ್ದರು. ಒಂದು ಗುಂಪಿನವರು ಮನೆಯಲ್ಲೇ ಪಾದದ ಬಿಸಿ ಅಳೆದು, ವ್ಯತ್ಯಾಸ ಕಂಡಾಗ ನಡಿಗೆ ತಗ್ಗಿಸಿ ನರ್ಸ್‌ಗೆ ಫೋನ್ ಮಾಡಬೇಕಿತ್ತು. ಹದಿನೆಂಟು ತಿಂಗಳಲ್ಲಿ ಅವರಲ್ಲಿ ಹುಣ್ಣಾದದ್ದು ಶೇಕಡಾ 4.7 ಮಂದಿಗೆ, ಅಳೆಯದವರಲ್ಲಿ ಶೇಕಡಾ 12.2 ಮಂದಿಗೆ. ಚರ್ಮದ ಬಿಸಿ ಅಳೆಯುವ ಸರಳ ಉಪಕರಣವೊಂದು ಇಷ್ಟು ಮಾಡಿತು ಎಂಬುದು ನನಗೆ ಬಹಳ ದೊಡ್ಡ ಸಂಗತಿ. ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಐಸಿಎಂಆರ್ ಸಮೀಕ್ಷೆ 2023ರಲ್ಲಿ ಅಂದಾಜಿಸಿತು. ‘ಶುಗರ್ ಎಷ್ಟಿದೆ’ ಎಂದು ಎಲ್ಲರೂ ಕೇಳುತ್ತೇವೆ, ‘ಪಾದ ನೋಡಿಕೊಂಡಿರಾ’ ಎಂದು ಕೇಳುವವರು ವಿರಳ.

ಅಳೆಯುವುದಾದರೆ ದಿನವೂ ಒಂದೇ ಹೊತ್ತಿಗೆ ಅಳೆಯಿರಿ. ಕಾಲುಚೀಲ ತೆಗೆದು, ಫ್ಯಾನ್ ಗಾಳಿ ಒಂದೇ ಕಾಲಿಗೆ ಬೀಳದಂತೆ, ಹತ್ತು ನಿಮಿಷ ಕೂತ ಮೇಲೆ. ಇದಕ್ಕೂ ಮಿತಿಯಿದೆ. ಎರಡೂ ಪಾದಗಳಲ್ಲಿ ಒಂದೇ ಜಾಗ ನೊಂದಿದ್ದರೆ ವ್ಯತ್ಯಾಸ ಕಾಣದು. ಒಂದು ಪಾದ ಬಿಸಿಯಾಗಿರದೆ, ಇನ್ನೊಂದು ರಕ್ತನಾಳ ಕಟ್ಟಿಕೊಂಡು ತಣ್ಣಗಾಗಿರಲೂಬಹುದು; ಅದೂ ವೈದ್ಯರಿಗೆ ತೋರಿಸಬೇಕಾದದ್ದೇ.

ಗಾಯವಿಲ್ಲದೆ, ಹೆಚ್ಚು ನೋವೂ ಇಲ್ಲದೆ ಒಂದು ಪಾದ ಊದಿ, ಕೆಂಪಗಾಗಿ, ಬಿಸಿಯಾಗಿದ್ದರೆ ಉಳುಕೆಂದು ಎಣ್ಣೆ ತಿಕ್ಕಿ ನಡೆದಾಡಬೇಡಿ. ಅದು ಶಾರ್ಕೋ ಪಾದವಿರಬಹುದು, ಮೂಳೆಗಳು ಒಳಗೊಳಗೇ ಮುರಿಯುತ್ತಿರಬಹುದು. ಆರಂಭದಲ್ಲಿ ಎಕ್ಸ್-ರೇಯಲ್ಲೂ ಏನೂ ಕಾಣದಿರಬಹುದು. ಆ ಕಾಲಿನ ಮೇಲೆ ಭಾರ ಹಾಕುವುದನ್ನು ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಹಾಕುವ ಪ್ಲಾಸ್ಟರ್ ತೆಗೆಯಲು ತಿಂಗಳುಗಳೇ ಹಿಡಿಯಬಹುದು. ತೆಗೆಯುವ ದಿನ ಗೊತ್ತುಮಾಡುವಾಗಲೂ ವೈದ್ಯರು ಊತದ ಜೊತೆಗೆ ಎರಡು ಪಾದಗಳ ಬಿಸಿಯನ್ನೇ ಹೋಲಿಸಿ ನೋಡುತ್ತಾರೆ.